ಅಕ್ಕಿ ಡ್ರಮ್ಮಿನ ಕೆಳಗಿಟ್ಟ ಪುಸ್ತಕ

ರಾಜೀವನಗರದ ಶಾಲೆಗೆ ನಾನು ವಾರಕ್ಕೊಮ್ಮೆ ಹೋಗುವುದು ಕಣ್ಣು ಕಾಣದ ಒಬ್ಬಳೇ ಹುಡುಗಿಗಾಗಿ. ಅವಳ ಕನ್ನಡ ಪಠ್ಯದ ಬ್ರೈಲ್ ಪ್ರತಿ ಈ ವರ್ಷವೂ ಬರಲಿಲ್ಲ. ಕೇಳಿ ಕೇಳಿ ಸಾಕಾಗಿ, ಪಾಠಗಳನ್ನೆಲ್ಲ ನಾನೇ ದಪ್ಪ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಚುಚ್ಚಿ ಕೊಟ್ಟೆ. ಎರಡು ತಿಂಗಳು ಹಿಡಿಯಿತು. ಮಣಿಕಟ್ಟು ಇನ್ನೂ ನೋಯುತ್ತದೆ.

ಮುಂದಿನ ವಾರ ಹೋದಾಗ ಪುಸ್ತಕಕ್ಕೆ ಬ್ರೌನ್ ಪೇಪರಿನ ಬೈಂಡು ಬಿದ್ದಿತ್ತು. ತೆರೆದು ಬೆರಳಾಡಿಸಿದರೆ ಏನೂ ಸಿಗಲಿಲ್ಲ, ಚುಕ್ಕಿಗಳೆಲ್ಲ ಮಲಗಿಬಿಟ್ಟಿದ್ದವು. ಮಗಳನ್ನು ಬಿಡಲು ಬಂದಿದ್ದ ತಾಯಿ ಹೆಮ್ಮೆಯಿಂದ ಹೇಳಿದರು:

"ತುಂಬಾ ಉಬ್ಕೊಂಡಿತ್ತು ಮಿಸ್. ಬೈಂಡ್ ಹಾಕಿ, ಅಕ್ಕಿ ಡ್ರಮ್ ಕೆಳಗಿಟ್ಟು ಸಮ ಮಾಡ್ಬುಟ್ಟೆ."

ಹೊಸ ಪುಸ್ತಕಕ್ಕೆ ಬೈಂಡು ಹಾಕಿದ ಮೇಲೆ ಚಿಕ್ಕಂದಿನಲ್ಲಿ ನಾವೂ ಮಾಡುತ್ತಿದ್ದುದು ಅದನ್ನೇ. ಸಿಟ್ಟು ನೆತ್ತಿಗೇರಬೇಕಿತ್ತು. ಬೈಯುವುದಕ್ಕೂ ತ್ರಾಣ ಬೇಕಲ್ಲ! "ಚೆನ್ನಾಗಿದೆ ಕಣಮ್ಮ" ಎಂದುಬಿಟ್ಟೆ.

ಅವರು ಹೋದ ಮೇಲೆ ಹುಡುಗಿಯನ್ನು ಕೇಳಿದೆ, "ಇದನ್ನ ಓದೋಕಾಗತ್ತೇನೇ?"

"ಇಲ್ಲ ಮಿಸ್. ಅಮ್ಮ ದಿನಾ ಸಾಯಂಕಾಲ ಕೂರಿಸ್ಕೊಂಡು ಓದು ಅಂತಾಳೆ. ಕ್ಲಾಸಲ್ಲಿ ಕೇಳಿದ್ದನ್ನೇ ಹೇಳ್ಕೊಂಡು ಸುಮ್ನೆ ಬೆರಳಾಡಿಸ್ತೀನಿ." ದನಿ ತಗ್ಗಿಸಿದಳು. "ಅವಳಿಗೆ ಹೇಳ್ಬೇಡಿ, ಮಿಸ್. ಪಾಪ, ಎಷ್ಟು ಖುಷಿಯಾಗಿ ಕೇಳ್ತಾಳೆ."