ಯಿಡ್ಡಿಷ್ ಕಥೆ ಮತ್ತು ಇಂಗ್ಲಿಷ್ ಅಕ್ಷರದ ಹಾಡು

ಮಲೇಷ್ಯಾದ ಮೆಲಾಕಾಕ್ಕೆ ಬಂದ ಮೊದಲ ದಿನ ಮಾಮಕ್ ಎಂದು ಕರೆಯುವ ತಮಿಳು ಮುಸ್ಲಿಮರ ಹೋಟೆಲಿನವನು ಗದರಿದಂತೆ “ತಪಾವ್?” ಎಂದಾಗ ಏನು ತಪ್ಪು ಮಾಡಿದೆನೋ ಎಂದು ಬೆಚ್ಚಿಬಿದ್ದೆ. ಪಾರ್ಸೆಲ್ ಬೇಕೇ ಎಂದು ಕೇಳಿದ್ದನಷ್ಟೆ. ನಮ್ಮ ಮಣಿಪಾಲದಲ್ಲಾದರೆ ಊರು, ಮನೆ, ಮದುವೆ ಎಲ್ಲ ವಿಚಾರಿಸಿಯೇ ದೋಸೆ ಕೊಡುತ್ತಾರೆ. ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತ ಆರು ವರ್ಷವಾಯಿತು. ಈಗ ಪಕ್ಕದ ಮನೆಯಮ್ಮನ ಜೊತೆ ತಮಿಳಿನಲ್ಲಿ ಹರಟುತ್ತೇನೆ, ಸೋರುವ ನಲ್ಲಿಗಾಗಿ ಮನೆ ಮಾಲೀಕನೊಂದಿಗೆ ಮಲಯ್‌ನಲ್ಲೇ ಜಗಳವಾಡಿ ಗೆದ್ದಿದ್ದೇನೆ.

ಮೊನ್ನೆ ಲೈಬ್ರರಿಯಲ್ಲಿ ಯಿಡ್ಡಿಷ್ ಕಥೆಗಳ ಇಂಗ್ಲಿಷ್ ಅನುವಾದ ಸಿಕ್ಕಿತು. ಯಿಡ್ಡಿಷ್ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಯುದ್ಧಕಾಲದಲ್ಲಿ ಜೀವ ಉಳಿಸಿಕೊಂಡು ಶಾಂಘೈವರೆಗೆ ಓಡಿದವರು ಅಲ್ಲಿಯೂ ಅದೇ ಭಾಷೆಯಲ್ಲಿ, ತಮ್ಮದೇ ಲಿಪಿಯಲ್ಲಿ ಬರೆದರು. ಊರಿನಲ್ಲಿ ಓದುವವರು ಬದುಕಿದ್ದಾರೋ ಇಲ್ಲವೋ ಎಂಬುದೂ ತಿಳಿಯದೆ ಬರೆದರು. ಕ್ವಾಲಾಲಂಪುರದ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಇದನ್ನೇ ಮಾತಾಡುತ್ತೇನೆ ಎಂದೆ.

ಮಾತಿಗೆ ಇಲ್ಲಿಯವರಂತೆ ‘ಲಾ’ ಅಂಟಿಸುವ ಕೂಟದ ಕಾರ್ಯದರ್ಶಿ ಶೆಟ್ಟರು ಫೋನ್ ಮಾಡಿದರು. “ಡಾಕ್ಟ್ರೇ, ಇಂಗ್ಲಿಷಲ್ಲೇ ಮಾಡ್ಬಿಡಿ ಲಾ. ಕನ್ನಡ ಅಂದ್ರೆ ಮಕ್ಳು ಎದ್ದು ಹೋಗ್ತಾರೆ.”

“ರಾಜ್ಯೋತ್ಸವಕ್ಕೆ ಇಂಗ್ಲಿಷಾ? ನಾಚ್ಕೆ ಆಗಲ್ವಾ ಶೆಟ್ರೇ?” ಎಂದು ಕೂಗಾಡಿ ಫೋನಿಟ್ಟೆ.

ಒಳಗೆ ಒಂಬತ್ತು ವರ್ಷದ ಮಗಳು ಅನಘಾ ಅದೇ ಸಮಾರಂಭದ ಸ್ವಾಗತಗೀತೆ ಕಲಿಯುತ್ತಿದ್ದಳು. ಕೈಯಲ್ಲಿದ್ದ ಹಾಳೆ ನೋಡಿದೆ. ಹಾಡು ಕನ್ನಡದ್ದು, ಅಕ್ಷರವೆಲ್ಲ ಇಂಗ್ಲಿಷಿನದು.

“ಯಾರೇ ಹೀಗೆ ಬರ್ಕೊಟ್ಟಿದ್ದು?”

“ಯೂ ಡಿಡ್, ಅಮ್ಮಾ.”

ನನ್ನದೇ ಕೈಬರಹ. ಕಾಲೇಜಿನಿಂದ ಸುಸ್ತಾಗಿ ಬಂದು ಗೀಚಿಕೊಟ್ಟಿದ್ದೆ; ಅಕ್ಷರ ಕಲಿಸುವುದಕ್ಕಿಂತ ಅದೇ ಸುಲಭವಾಗಿತ್ತು. ಇಲ್ಲಿನ ಕನ್ನಡದ ಮನೆಗಳಲ್ಲಿ ನಡೆಯುವುದೂ ಹೀಗೆಯೇ. ನನ್ನನ್ನು ಯಾರೂ ಓಡಿಸಿರಲಿಲ್ಲ. ಒಳ್ಳೆಯ ಕೆಲಸವೆಂದು ನಗುನಗುತ್ತ ವಿಮಾನ ಹತ್ತಿದವಳು ನಾನು. ಸರ್ವಸ್ವ ಕಳೆದುಕೊಂಡವರು ಉಳಿಸಿಕೊಂಡಿದ್ದನ್ನು ನಾನು ಆರಾಮವಾಗಿ ಕೈಬಿಟ್ಟಿದ್ದೆ. ಶೆಟ್ಟರ ಮೇಲಿನ ಸಿಟ್ಟು ಪೂರ್ತಿ ನನ್ನ ಮೇಲೆಯೇ ತಿರುಗಿತು. ಹಾಳೆ ಹರಿದು ಹಾಕಿ, ಅವಳ ಪಕ್ಕ ಕೂತು ಕನ್ನಡದಲ್ಲಿ ಮೊದಲ ಸಾಲು ಬರೆಸಿದೆ. ಅವಳು ಅತ್ತಳು. ಬರೆದಳು.

ಸಮಾರಂಭದಲ್ಲಿ ಕನ್ನಡದಲ್ಲೇ ಮಾತಾಡಿದೆ. ಮಕ್ಕಳು ಎದ್ದು ಹೋಗಲಿಲ್ಲ. ಮೂರನೇ ಸಾಲಿನಲ್ಲಿ ಕುಳಿತ ಅನಘಾ ನನ್ನ ಮಾತನ್ನೆಲ್ಲ ಅಕ್ಕಪಕ್ಕದವರಿಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟುತ್ತಿದ್ದಳು. ಹೆಮ್ಮೆಯಾಯಿತು, ಅದಕ್ಕೂ ಇಂಗ್ಲಿಷೇ ಬೇಕಾಯಿತಲ್ಲ ಎಂದು ಸಂಕಟವೂ ಆಯಿತು.

ವಾಪಸಾಗುವಾಗ ಕಾರಿನಲ್ಲಿ ಶಾಂಘೈಗೆ ಓಡಿದವರ ಬಗ್ಗೆ ಕೇಳಿದಳು: “ಡಿಡ್ ದೇ ಗೋ ಹೋಮ್, ಅಮ್ಮಾ?”

“ತುಂಬಾ ಜನಕ್ಕೆ ಹೋಗೋಕೆ ಮನೇನೇ ಉಳಿದಿರ್ಲಿಲ್ಲ ಪುಟ್ಟಾ.”

“ನಮ್ದೆಲ್ಲಿ?” ಎಂದಳು, ಕನ್ನಡದಲ್ಲೇ.

ಮಣಿಪಾಲ ಎನ್ನಲು ಬಾಯಿ ತೆರೆದವಳು, ಮನೆಗೆಂದು ಮೆಲಾಕಾದ ರಸ್ತೆಗೆ ಕಾರು ತಿರುಗಿಸಿದೆ.