ನನ್ನ ಜೋಡಿ ಕಿಸನ್‌ನ ಬಗ್ಗೆ ಒಂದು ವಾಕ್ಯ

ಕಿಸನ್, ಆ ಮಾತು ನನ್ನ ಬಾಯಿ ತಪ್ಪಿ ಬಂದದ್ದಲ್ಲ. ಗೊತ್ತಿದ್ದೇ ಆಡಿದೆ. ನಾಲ್ಕು ಜನರೆದುರು ನಿನ್ನ ತಲೆ ತಗ್ಗಿಸಬೇಕೆಂದೇ ಆಡಿದೆ. ಹುಡುಗ, ಪಾಪ, ಏನೋ ಹೇಳಲು ಹೋಗಿ ಏನೋ ಹೇಳಿಬಿಟ್ಟ ಎಂದು ಎಲ್ಲರೂ ಅಂದುಕೊಂಡರು. ಆ ‘ಪಾಪ’ವನ್ನೇ ನಾನು ಇಷ್ಟು ವರ್ಷ ಹೊದ್ದುಕೊಂಡು ಮಲಗಿದೆ. ಹೆಂಡತಿಗೆ ಹಾಗೆಯೇ ಹೇಳಿದೆ, ಮಕ್ಕಳಿಗೂ ಹಾಗೆಯೇ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ನಿಜ ಅನ್ನಿಸತೊಡಗಿತ್ತು— ಸುಳ್ಳಿಗೆ ಅಷ್ಟು ತಾಳ್ಮೆ ಇರುತ್ತದೆ.

ನಿನ್ನನ್ನು ‘ನೀನು’ ಎಂದೇ ಕರೆಯುತ್ತಿದ್ದೇನೆ. ಆ ಹಕ್ಕು ಉಳಿದಿದೆಯೋ ಇಲ್ಲವೋ, ಗೊತ್ತಿಲ್ಲ. ಆದರೆ ಈಗ ‘ನೀವು’ ಎಂದರೆ ಅದೂ ಒಂದು ನಾಟಕವಾದೀತು.

ಇದನ್ನು ಓದುವ ಬೇರೆಯವರಿಗೂ ತಿಳಿಯಲಿ ಎಂದು ಮೊದಲಿನಿಂದ ಹೇಳುತ್ತೇನೆ. ಬೀದರ್ ಜಿಲ್ಲೆ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಬೇಸಿಗೆ ಅದು. ಕಚೇರಿಗಳಲ್ಲಿ ಉರ್ದು ಹಿಂದೆ ಸರಿಯುತ್ತಿತ್ತು, ಕನ್ನಡ ಇನ್ನೂ ಬಂದು ನೆಟ್ಟಗೆ ಕೂತಿರಲಿಲ್ಲ. ಈ ನಡುವೆ ಖಾಲಿ ಬಿದ್ದ ಕುರ್ಚಿಯಲ್ಲಿ ಇಂಗ್ಲಿಷ್ ಕೂತಿತ್ತು. ಹೊಸದಾಗಿ ಬಂದ ಸಾಹೇಬರ ಮುಂದೆ ನಮ್ಮ ಹಿರಿಯರು ಕೈಕಟ್ಟಿ ನಿಂತು, ಮಾತು ತಿಳಿಯದೆ ಮಿಕಿಮಿಕಿ ನೋಡುತ್ತಿದ್ದರು. ಭಾಲ್ಕಿಯಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪನೂ ಅವರಲ್ಲೊಬ್ಬ. ಬೀದರಿನ ಒಂದು ಶಾಲೆಯಲ್ಲಿ ರಜೆಯ ಇಂಗ್ಲಿಷ್ ಶಿಬಿರ ನಡೆಯುತ್ತದೆ, ಹುಡುಗರು ಅಲ್ಲೇ ಉಂಡು ಅಲ್ಲೇ ಮಲಗಿ ಕಲಿಯಬೇಕು ಎಂಬ ಸುದ್ದಿ ಬಂದದ್ದೇ ತಡ, ನನ್ನ ಟ್ರಂಕು ಸಿದ್ಧವಾಯಿತು. “ಆ ಸಾಹೇಬ್ರ ಮುಂದ ನನ್ನ ಮಗ ಟಸ್ ಪುಸ್ ಅನಬೇಕು ನೋಡ್ರಿ,” ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ.

ಕಲಿಸಲು ಬಂದವರು ಮೈಸೂರು ಕಡೆಯ ಎಳೆವಯಸ್ಸಿನ ಮೇಷ್ಟ್ರು. ಅವರ ಕನ್ನಡ ನಮಗೆ ತಿಳಿಯುತ್ತಿರಲಿಲ್ಲ, ನಮ್ಮದು ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ಅವರದೊಂದು ಪದ್ಧತಿ ಇತ್ತು. ತನ್ನ ಬಗ್ಗೆ ಹೇಳಲು ಹುಡುಗರು ನಾಚುತ್ತಾರೆ, ಇನ್ನೊಬ್ಬನ ಬಗ್ಗೆಯಾದರೆ ಬಾಯಿ ಬಿಡುತ್ತಾರೆ ಎಂದು ಇಬ್ಬಿಬ್ಬರನ್ನು ಜೋಡಿ ಮಾಡಿದರು. ಜೋಡಿಯ ಊರು, ಮನೆ, ಎತ್ತು, ಅವ್ವ ಮಾಡುವ ಅಡುಗೆ, ಎಲ್ಲವನ್ನೂ ನಮ್ಮ ನಮ್ಮ ಮಾತಿನಲ್ಲೇ ಕೇಳಿ ತಿಳಿಯಬೇಕು. ಆಮೇಲೆ ಎಲ್ಲರೆದುರು ಅವನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಬೇಕು. ಪಕ್ಕದಲ್ಲಿ ನಿಂತವನು ಬಾಯಿ ಹಾಕುವಂತಿಲ್ಲ. ಜೋಡಿ ಏನು ಹೇಳುತ್ತಾನೋ ಅದೇ ಅವನು.

ನನ್ನ ಪಾಲಿಗೆ ಬಂದವನು ನೀನು— ಔರಾದ ತಾಲೂಕಿನ ಡಾಬಕಾದ ಕಿಸನ್. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಒಂದಿಷ್ಟು ಉರ್ದು, ನಮ್ಮೊಡನೆ ಅಡ್ಡಾದಿಡ್ಡಿ ಕನ್ನಡ. ಆದರೆ ಇಂಗ್ಲಿಷ್ ನಿನಗೆ ಹತ್ತಿದಷ್ಟು ಬೇಗ ನಮ್ಮಲ್ಲಿ ಯಾರಿಗೂ ಹತ್ತಲಿಲ್ಲ. ಮೇಷ್ಟ್ರು ಮೊದಲು ನಿನ್ನಿಂದ ಹೇಳಿಸಿ, ಆಮೇಲೆ ನಮ್ಮ ಕಡೆ ತಿರುಗಿ “ಹೀಗೆ ಹೇಳ್ರೋ” ಎನ್ನುತ್ತಿದ್ದರು. ಆ ‘ಹೀಗೆ’ ಕೇಳಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಶಿಬಿರ ಮುಗಿದ ಮೇಲೆ ಒಬ್ಬ ಹುಡುಗನಿಗೆ ಬೀದರಿನ ಬೋರ್ಡಿಂಗಿನಲ್ಲಿ ಊಟ ವಸತಿ ಬಿಟ್ಟಿಯಾಗಿ ಕೊಟ್ಟು ಹೈಸ್ಕೂಲು ಓದಿಸುತ್ತಾರೆ ಎಂಬ ಮಾತಿತ್ತು. ಅದು ನಿನಗೇ ಎಂದು ಮೇಷ್ಟ್ರು ಮುಚ್ಚುಮರೆಯಿಲ್ಲದೆ ಅಂದಿದ್ದರು. ಅದು ಸಿಗದಿದ್ದರೆ ನಿನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು, ನನಗೂ ಗೊತ್ತಿತ್ತು. ನನಗೆ ಆ ಬಿಟ್ಟಿ ಊಟ ಬೇಕಿರಲಿಲ್ಲ, ಅಪ್ಪ ಬೇಕಾದಲ್ಲಿ ಇಟ್ಟು ಓದಿಸುತ್ತಿದ್ದ. ನಿನಗೆ ಸಿಗಬಾರದು— ಅಷ್ಟೇ ಬೇಕಿತ್ತು.

ಒಂದು ಮಧ್ಯಾಹ್ನ ಬಾವಿಕಟ್ಟೆಯ ಮೇಲೆ ಕೂತು ನಮ್ಮ ತಾಟು ತೊಳೆಯುತ್ತಿದ್ದೆವು. ನಿನ್ನ ಅಪ್ಪನ ಕೆಲಸ ಒಕ್ಕಲುತನ ಎಂದು ನೀನು ಮೊದಲ ದಿನವೇ ಹೇಳಿದ್ದೆ. ಹಾಗೆ ಹೇಳು ಎಂದು ನಿಮ್ಮ ಶಾಲೆಯ ಹೆಡ್‌ಮಾಸ್ತರರು ಹೇಳಿ ಕಳಿಸಿದ್ದರು. ಅಂದು ಏನನ್ನಿಸಿತೋ, ನೀನೇ ಮಾತೆತ್ತಿದೆ.

“ಜೋಡಿಗಿ ಸುಳ್ಳ ಹೇಳಬಾರ್ದು ನೋಡು. ನಮ್ಮಪ್ಪ ಮೊದಲ ಸತ್ತ ದನ ಎಳೀತಿದ್ದ. ಹ್ವಾದ ವರ್ಷ ನಾವು ಮನ್ಯಾಗ ಬುದ್ಧನ ಫೋಟೋ ಇಟ್ವಿ, ಅವತ್ತೇ ಆ ಕೆಲಸ ಬಿಟ್ಟಾನ. ಆ ಕೆಲಸಕ್ಕ ಊರಾಗ ಕೊಡ್ತಿದ್ದ ಸುಗ್ಗಿ ಜ್ವಾಳ ಬಂದ್ ಮಾಡಿದ್ರು, ಬಡಿಯಾಕ ಬಂದ್ರು. ಆದ್ರೂ ಬಿಟ್ಟಾನಂದ್ರ ಬಿಟ್ಟಾನ. ಇಲ್ಲಿ ಮಾತ್ರ ಯಾರ ಮುಂದೂ ಅನಬ್ಯಾಡ.”

ಹೇಳುವಾಗ ನಿನ್ನ ಮುಖದಲ್ಲಿ ನಾಚಿಕೆ ಇರಲಿಲ್ಲ. ಹೆಮ್ಮೆ ಇತ್ತು. ಅಪ್ಪನ ಬಗ್ಗೆ ನನಗೆ ಅಂಥ ಹೆಮ್ಮೆ ಯಾವತ್ತೂ— ಅದು ಬೇರೆ ಮಾತು. “ಇಲ್ಲೋ ಮಾರಾಯ, ಯಾರ ಮುಂದ ಅಂತೀನಿ,” ಎಂದೆ. ನೀನು ನಂಬಿದೆ.

ಕೊನೆಯ ದಿನ ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿದ್ದರು. ಹುಡುಗರ ಅಪ್ಪಂದಿರು, ಊರ ಹಿರಿಯರು, ಬೋರ್ಡಿಂಗಿನ ವ್ಯವಸ್ಥಾಪಕರು, ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಒಬ್ಬ ಅಧಿಕಾರಿ, ಎಲ್ಲರೂ ಕೂತಿದ್ದರು. ಹಿಂದೆ ಗೋಧಿ ಹುಗ್ಗಿ ಕುದಿಯುತ್ತಿತ್ತು. ಮೊದಲು ನನ್ನ ಬಗ್ಗೆ ನೀನು ಹೇಳಿದೆ. ನಮ್ಮ ಅಂಗಡಿ, ನಮ್ಮ ಅವ್ವನ ಕೈ ಅಡುಗೆ, ನಾನು ಬಾಯಲ್ಲೇ ರೈಲಿನ ಸೀಟಿ ಹೊಡೆಯುವುದು. ಒಂದೂ ತಪ್ಪಿಲ್ಲದೆ ಹೇಳಿ, “ಹಿ ಈಸ್ ಮೈ ಗುಡ್ ಫ್ರೆಂಡ್” ಎಂದು ಮುಗಿಸಿದೆ.

ಆಮೇಲೆ ನಾನು. ನಿನ್ನ ಹೆಸರು, ನಿನ್ನ ಊರು. ಮತ್ತೆ— “ಹಿಸ್ ಫಾದರ್ ಡ್ರ್ಯಾಗ್ಸ್ ಡೆಡ್ ಕ್ಯಾಟಲ್.” ಇವನಪ್ಪ ಸತ್ತ ದನ ಎಳೆಯುತ್ತಾನೆ.

ಜನ ಚಪ್ಪಾಳೆ ತಟ್ಟಿದರು. ಅವರಿಗೆ ಒಂದಕ್ಷರ ತಿಳಿದಿರಲಿಲ್ಲ. ಹುಡುಗರಿಗೂ ತಿಳಿಯಲಿಲ್ಲ. ನಿನಗೂ ತಿಳಿಯಲಿಲ್ಲ ಕಿಸನ್— ನಿನ್ನಪ್ಪನ ಬಗ್ಗೆ ನಾನೇನೋ ದೊಡ್ಡ ಮಾತು ಹೇಳಿದೆನೆಂದು ನೀನು ನನ್ನ ಕಡೆ ನೋಡಿ ನಕ್ಕೆ. ತಿಳಿದದ್ದು ಮೇಷ್ಟ್ರಿಗೆ ಮತ್ತು ಅಧಿಕಾರಿಗೆ. ಅಧಿಕಾರಿ ತಮ್ಮ ಬೂಟು ನೋಡಿಕೊಂಡರು.

ಅಲ್ಲಿಗೇ ಮುಗಿದಿದ್ದರೆ ಆ ಮಾತು ಇಂಗ್ಲಿಷಿನಲ್ಲೇ ಹೂತು ಹೋಗುತ್ತಿತ್ತು. ಅಪ್ಪನಿಗೆ ತಡೆಯಲಾಗಲಿಲ್ಲ. “ಏನಂದಿ ಬೇಟಾ? ನಮ್ಮ ಮಾತಿನಾಗ ಹೇಳು, ಎಲ್ಲಾರೂ ಕೇಳಲಿ,” ಎಂದು ಕೂತಲ್ಲಿಂದಲೇ ಕೂಗಿದ.

ಮೇಷ್ಟ್ರು ಧಡಕ್ಕನೆ ಎದ್ದರು. “ಏನಿಲ್ಲ ಸ್ವಾಮಿ, ಇವನ ತಂದೆ ದನ ಸಾಕ್ತಾರಂತೆ. ಅದನ್ನ ಹೇಳ್ದ.”

ಅವರು ಆ ಸುಳ್ಳು ಹೇಳಿದ್ದು ನಿನಗಾಗಿ. ನನಗೂ ಅದೊಂದು ದಾರಿಯಾಗಿತ್ತು. ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು. ನಾನು ಮೇಷ್ಟ್ರನ್ನೇ ತಿದ್ದಿದೆ.

“ಅಲ್ಲರಿ ಸರ್. ದನ ಸಾಕಾಂವಲ್ಲ. ಸತ್ತ ದನ ಎಳಿಯಾಂವ.”

ಈಗ ಎಲ್ಲರಿಗೂ ತಿಳಿಯಿತು. ಆಮೇಲೆ ಯಾರೋ ಕೇಳಿದರು: “ಹಂಗಾದ್ರ ಇಷ್ಟು ದಿನ ನಮ್ಮ ಹುಡುಗ್ರು ಯಾರ್ ಸೇದಿದ ನೀರ ಕುಡ್ದಾರ?” ಅಷ್ಟೇ ಸಾಕಾಯಿತು. ಅಪ್ಪಂದಿರು ಮಕ್ಕಳ ರಟ್ಟೆ ಹಿಡಿದು ಎಬ್ಬಿಸಿದರು. ದಿನಾ ಬೆಳಿಗ್ಗೆ ಇಷ್ಟಲಿಂಗ ಅಂಗೈಯಲ್ಲಿಟ್ಟುಕೊಂಡು ವಚನ ಹೇಳುತ್ತಿದ್ದ ನನ್ನ ಅಪ್ಪ ಹೋಗಿ ಕುಡಿಯುವ ನೀರಿನ ಹಂಡೆಯನ್ನು ಕಾಲಿಂದ ಉರುಳಿಸಿದ. ಹಾಗೆ ಮಾಡುವುದು ಅಪರಾಧ ಎಂಬ ಕಾಯ್ದೆ ಆಗಲೇ ಬಂದಿತ್ತು. ಅಧಿಕಾರಿಗಳಿಗೆ ಅದು ಗೊತ್ತಿರಲೇಬೇಕು. ಅವರು ಜೀಪು ಹತ್ತಿ ಹೋದರು. ಬೋರ್ಡಿಂಗಿನವರು ಜಾತಿಯ ಮಾತೇ ಎತ್ತಲಿಲ್ಲ, ಅಷ್ಟು ಜಾಣರು. “ಜಾಗಾ ಇಲ್ರಿ ಮಾಸ್ತರ್,” ಎಂದರು. ಮೇಷ್ಟ್ರು ಕೈಮುಗಿದರು, ಜಗಳ ಆಡಿದರು. ಇಲ್ಲವೆಂದರೆ ಇಲ್ಲ.

ನೀನು ನನ್ನ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತೂ ಆಡಲಿಲ್ಲ. ಜೋಡಿ ಮಾತಾಡುವಾಗ ಬಾಯಿ ಹಾಕಬಾರದೆಂಬ ನಿಯಮಕ್ಕೋ, ಅಥವಾ— ಗೊತ್ತಿಲ್ಲ. ನನ್ನನ್ನೇ ನೋಡುತ್ತಿದ್ದೆ. ನಾನು ಅಪ್ಪನ ರುಮಾಲು ನೋಡುತ್ತಿದ್ದೆ.

ಮೇಷ್ಟ್ರೇ ನಿನ್ನನ್ನು ಬಸ್ಸಿಗೆ ಹತ್ತಿಸಿ ಬಂದರು. ಬಂದು ನನ್ನ ತಲೆ ಸವರಿ, “ನಿನಗೆ ಗೊತ್ತಾಗ್ಲಿಲ್ಲ ಬಿಡು ಮರಿ. ಮಗು ನೀನು,” ಎಂದರು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಪಶ್ಚಾತ್ತಾಪ ಎಂದು ಅವರು ತಿಳಿದರು. ಅಲ್ಲ. ಬದುಕಿಕೊಂಡೆನಲ್ಲ ಎಂದು ಅತ್ತೆ.

ಬೋರ್ಡಿಂಗಿನ ಆ ಜಾಗ, ಇಲ್ಲವೆಂದ ಜಾಗ, ನನಗೇ ಬಂತು. ಬೇಡ ಎನ್ನಲಿಲ್ಲ. ನಿನ್ನ ಪಾಲಿನ ಅನ್ನ ಉಂಡು ಓದಿ, ಇಂಗ್ಲಿಷ್ ಮಾಸ್ತರನಾದೆ. ಬೀದರ್, ಭಾಲ್ಕಿ ಎಲ್ಲೆಡೆ ಹುಡುಗರಿಗೆ ‘ನನ್ನ ಗೆಳೆಯ’ ಎಂಬ ಪ್ರಬಂಧ ಬರೆಸಿದೆ. ಎಂಥ ಮುಖ ನನ್ನದು!

ನಿವೃತ್ತನಾದ ಮೇಲೆ ಔರಾದದ ಒಂದು ಶಾಲೆಗೆ ಭಾಷಣಕ್ಕೆ ಬಂದಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಅಂಗಿಯ ನೀನು ಮೊಮ್ಮಗಳ ಕೈ ಹಿಡಿದು ಎದುರು ಬಂದೆ. “ನಮಸ್ಕಾರ್ರೀ ಸರ್. ಗುರ್ತ ಹತ್ತಿತೇನ್ರಿ? ಡಾಬಕಾದ ಕಿಸನ್.” ಅಂದು ‘ನೀ’ ಎನ್ನುತ್ತಿದ್ದವನು ಇಂದು ಮಾತಿಗೊಂದು ‘ರಿ’ ಹಚ್ಚುತ್ತಿದ್ದೆ. ನೀನೇ ಚಹಾ ಕುಡಿಸಿದೆ. ಓದು ನಿಂತದ್ದು, ಆಮೇಲೆ ಒಂದಿಷ್ಟು ಹೊಲ ಮಾಡಿದ್ದು, ಮಗನಿಗೆ ನೌಕರಿಯಾದದ್ದು, ಎಲ್ಲ ಹೇಳಿದೆ. “ನಮ್ಮಪ್ಪ ಸಾಯೋತನಕ ಆ ಕೆಲಸಕ್ಕ ಕೈ ಹಚ್ಚಲಿಲ್ರಿ,” ಎಂದೆ. ಮೊಮ್ಮಗಳಿಗೆ ನನ್ನನ್ನು ತೋರಿಸಿ, “ಇವ್ರು ನನ್ನ ಜೋಡಿ ಇದ್ರು,” ಎಂದೆ. ಬಸ್ಸು ಬರುವ ಹೊತ್ತಿಗೆ ನೀನು ಲೋಟ ಕೆಳಗಿಟ್ಟು ಕೇಳಿದೆ:

“ಸರ, ಒಂದು ಮಾತ ಕೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಆ ಇಂಗ್ಲಿಷ್ ಶಬ್ದ ಮಾಸ್ತರ್ ನಮಗ ಕಲಿಸಿರಲಿಲ್ರಿ. ನನಗೇ ಬರ್ತಿರಲಿಲ್ಲ. ನಿಮಗ ಹ್ಯಾಂಗ ಬಂದ್ವು?”

“ನೆನಪಿಲ್ಲೋ ಕಿಸನ್,” ಎಂದೆ.

“ಹೋಗ್ಲಿ ಬಿಡ್ರಿ,” ಎಂದು ನೀನು ನನ್ನ ಚೀಲ ಬಸ್ಸಿನೊಳಗೆ ಇಟ್ಟುಕೊಟ್ಟೆ.

ನೆನಪಿದೆ ಕಿಸನ್. ಎಲ್ಲ ನೆನಪಿದೆ. ಅಂದು ಶಾಲೆಯ ಕಿಟಕಿಯ ಹತ್ತಿರ ಗುಬ್ಬಿಯೊಂದು ಸತ್ತು ಬಿದ್ದಿತ್ತು. ಅದನ್ನು ತೋರಿಸಿ ‘ಸತ್ತ’ ಎನ್ನುವುದಕ್ಕೆ ಏನೆನ್ನುತ್ತಾರೆಂದು ಮೇಷ್ಟ್ರನ್ನು ಕೇಳಿದೆ. ಇನ್ನೊಂದು ದಿನ ರಸ್ತೆಯಲ್ಲಿ ಹೋಗುತ್ತಿದ್ದ ದನಗಳನ್ನು ತೋರಿಸಿದೆ. ಮತ್ತೊಂದು ದಿನ ನನ್ನ ಟ್ರಂಕನ್ನು ನೆಲದ ಮೇಲೆ ದರದರ ಎಳೆದು, “ಇದಕ್ಕೇನಂತಾರ್ರಿ ಸರ್?” ಎಂದೆ. ಒಂದೇ ದಿನ ಕೇಳಿದರೆ ಅವರಿಗೆ ಸುಳಿವು ಹತ್ತೀತೆಂದು ಬೇರೆ ಬೇರೆ ದಿನ ಕೇಳಿದೆ. ಅವರು ಖುಷಿಪಟ್ಟರು; ಕಲಿಯುವ ಆಸೆ ಅಂದರೆ ಇದು ಎಂದು ಎಲ್ಲರೆದುರು ಹೊಗಳಿದರು. ಹಿತ್ತಲಲ್ಲಿ ಒಬ್ಬನೇ ನಿಂತು, ನಾಲಿಗೆ ತೊಡರದ ಹಾಗೆ ಮತ್ತೆ ಮತ್ತೆ ಹೇಳಿ ರೂಢಿ ಮಾಡಿಕೊಂಡೆ. ಕೆಲಸ ಬಿಟ್ಟ ಎನ್ನುವುದಕ್ಕೆ ಏನನ್ನಬೇಕೆಂದು ಮಾತ್ರ ಯಾರನ್ನೂ ಕೇಳಲಿಲ್ಲ.

ಬರುವ ವಾರ ಡಾಬಕಾಕ್ಕೆ ಬರುತ್ತೇನೆ. ನಿನ್ನ ಮಗ, ಮೊಮ್ಮಗಳು ಮನೆಯಲ್ಲಿರುವ ಹೊತ್ತಿಗೇ ಬರುತ್ತೇನೆ, ಇದನ್ನೇ ಹೇಳುತ್ತೇನೆ. ಚಹಾ ಇಡಿಸಬೇಡ. “ಹೋಗ್ಲಿ ಬಿಡ್ರಿ” ಎಂದೂ ಅನ್ನಬೇಡ. ನಾನು ಮುಗಿಸುವ ತನಕ ಕೇಳು. ಆಮೇಲೆ, ಅಂದು ಅಂಗಳದಲ್ಲಿ ಆಡದೆ ಉಳಿಸಿಕೊಂಡದ್ದು ಏನಿದೆಯೋ, ಅದನ್ನು ನೀನು ಹೇಳು. ನಾನು ಬಾಯಿ ಹಾಕುವುದಿಲ್ಲ.