ಕಾಟಾದ ಕಂಪ್ಯೂಟರಿನಲ್ಲಿ ದಸ್ತಗೀರನ ಐದು ಸಾಲು

ಕರೋನಾ ಮುಗಿದ ಮೇಲಿನ ಎರಡನೆಯ ಮಳೆಗಾಲದ ಮಾತು. ಆಗ ಬೆಳಗಾವಿಯ ಟಿಳಕವಾಡಿಯಲ್ಲಿ ನಾನು ಮತ್ತು ದಸ್ತಗೀರ ಕೂಡಿ ಕಂಪ್ಯೂಟರ್ ರಿಪೇರಿಯ ಅಂಗಡಿ ನಡೆಸುತ್ತಿದ್ದೆವು. ಇಬ್ಬರೂ ಐಟಿಐ ಮಾಡಿದವರು, ಒಂದೇ ಬೆಂಚಿನವರು. ಗಿರಾಕಿಗಳನ್ನು ಊರು ನೋಡಿ ಹಂಚಿಕೊಂಡಿದ್ದೆವು. ಬೆಳಗಾವಿಯವರು ನನಗೆ, ಖಾನಾಪುರದ ಕಡೆಯವರು ಅವನಿಗೆ. ಖಾನಾಪುರ ಅವನ ಹೆಂಡತಿ ರೆಹಾನಾ ಭಾಬಿಯ ತವರು. ಕೆಲಸ ಮುಗಿಸಿ ಅತ್ತೆಮನೆಯಲ್ಲಿ ಉಂಡು ಬರಬಹುದು ಎಂಬುದು ಅವನ ಲೆಕ್ಕವಾಗಿತ್ತು.

ನಾವಿಬ್ಬರೂ ಕೂಡಿ ಮಾಡಿದ ಕೊನೆಯ ಕೆಲಸ ಆಟೋ ನಗರದ ಒಂದು ಬಸ್ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ. ಅಲ್ಲಿಯ ಬಿಲ್ಲಿಂಗ್ ಕಂಪ್ಯೂಟರ್ ಮುಂಜಾನೆ ಚಾಲೂ ಆಗಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಇದು ನಮ್ಮ ಅಂಗಡಿಗೆ ಬರುವ ಅತಿ ಸಾಮಾನ್ಯ ದೂರು. ಕಂಪ್ಯೂಟರ್ ಚಾಲೂ ಆದ ಕೂಡಲೇ ನಾವು ಕರೆಯದೆಯೂ ತಾವಾಗಿಯೇ ಎದ್ದು ಓಡುವ ಪ್ರೋಗ್ರಾಂಗಳು ಇರುತ್ತವೆ. ಪ್ರಿಂಟರಿನದೊಂದು, ಚಾಟಿನದೊಂದು, ಯಾವಾಗಲೋ ಹಾಕಿ ಮರೆತದ್ದು ನಾಲ್ಕು. ಟಾಸ್ಕ್ ಮ್ಯಾನೇಜರ್ ತೆರೆದು ಸ್ಟಾರ್ಟ್‌ಅಪ್ ಎಂಬಲ್ಲಿ ಹೋದರೆ ಅವುಗಳ ಪಟ್ಟಿ ಕಾಣುತ್ತದೆ. ಪ್ರತಿಯೊಂದರ ಮುಂದೆ ಪಬ್ಲಿಷರ್ ಎಂಬ ಕಾಲಂನಲ್ಲಿ ಅದನ್ನು ಮಾಡಿದ ಕಂಪನಿಯ ಹೆಸರು, ಅದರ ಬಾಜು ಅದು ಎನೇಬಲ್ ಆಗಿದೆಯೋ ಡಿಸೇಬಲ್ ಆಗಿದೆಯೋ ಎಂಬುದು. ಬೇಡವಾದದ್ದನ್ನು ಡಿಸೇಬಲ್ ಮಾಡಿದರೆ ಅದು ಅಳಿಸಿಹೋಗುವುದಿಲ್ಲ, ತಾನಾಗಿ ಏಳುವುದನ್ನು ಮಾತ್ರ ನಿಲ್ಲಿಸುತ್ತದೆ.

ನಾನು ಸಾಲಾಗಿ ಎಲ್ಲವನ್ನೂ ಡಿಸೇಬಲ್ ಮಾಡಲು ಹೊರಟಿದ್ದೆ. ದಸ್ತಗೀರ ಮೌಸ್ ಕಸಿದುಕೊಂಡ. ಬಿಲ್ ಮಾಡುವ ಹೆಣ್ಣುಮಗಳ ಕಡೆ ತಿರುಗಿ, "ಅಕ್ಕಾರ, ಮುಂಜಾನೆ ಬಂದ ಕೂಡ್ಲೆ ಮೊದಲ ಏನ್ ಮಾಡ್ತೀರಿ?" ಎಂದು ಕೇಳಿದ.

"ಚಾ ಕುಡೀತೀನ್ರಿ."

"ಅದು ಗೊತ್ತದರಿ. ಕಂಪ್ಯೂಟರಿನಾಗ?"

ಆಕೆ ಹೇಳುತ್ತಾ ಹೋದಳು. ಅವನು ಒಂದೊಂದಾಗಿ ಡಿಸೇಬಲ್ ಮಾಡುತ್ತಾ, ಪ್ರತಿ ಸಲವೂ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ, ಕೈಕಟ್ಟಿ ಕುಳಿತು ನೋಡಿದ. ಅವನ ರೀತಿಯೇ ಅದು. ಕಂಪನಿಯ ಹೆಸರಿಲ್ಲದ ಸಾಲು ಕಂಡರಂತೂ ಅದನ್ನು ಯಾರು ಹಾಕಿದರು, ಯಾಕೆ ಹಾಕಿದರು ಎಂದು ತಿಳಿಯುವ ತನಕ ಮುಟ್ಟುತ್ತಿರಲಿಲ್ಲ.

"ನೀ ಒಂದು ಮುಗಸೂದ್ರಾಗ ನಾ ಮೂರು ಮುಗಸ್ತೀನಲೇ," ಎಂದೆ.

"ಮುಗಸ್ತಿ ಮಲ್ಲು, ಮುಗಸ್ತಿ. ನಾಳೆ ಅವ್ರು ಬಂದು ನಿನ್ನ ಮುಗಸ್ತಾರ," ಎಂದ. ಬಿಲ್ಲಿಂಗಿನ ಹೆಣ್ಣುಮಗಳು ನಕ್ಕಳು.

ಸಂಜೆ ಅಂಗಡಿಯ ಶಟರ್ ಎಳೆಯುವಾಗ ನಾಳೆ ಖಾನಾಪುರಕ್ಕೆ ಹೋಗುವುದಿದೆ ಎಂದ. ಅದು ನಮ್ಮ ಕೊನೆಯ ಮಾತು. ಮರುದಿನ ಮುಂಜಾನೆ ಮನೆಯಲ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಅವನಿಗೆ ನಲವತ್ತಾರು.

ಆಮೇಲಿನ ಎರಡು ತಿಂಗಳು ನಾನು ಖಾನಾಪುರದ ಕಡೆ ಹೋಗಲಿಲ್ಲ. ಅಲ್ಲಿಯ ಗಿರಾಕಿಗಳೂ ಕರೆಯಲಿಲ್ಲ, ಬೇರೆಯವರನ್ನು ಹಿಡಿದರು. ಅದರಲ್ಲಿ ತಪ್ಪೇನಿಲ್ಲ. ಗಣಪತಿ ಹಬ್ಬ ಮುಗಿದ ವಾರ ರೆಹಾನಾ ಭಾಬಿ ಅಂಗಡಿಗೆ ಬಂದರು. ಕುಂದರ್ರಿ ಎಂದರೂ ಕೂರಲಿಲ್ಲ.

"ಮಲ್ಲು ಭಾಯಿ, ಖಾನಾಪುರದ ಕಾಟಾದಾಗ ಅವ್ರು ಏನೋ ಕಳ್ಳ ಪ್ರೋಗ್ರಾಂ ಇಟ್ಟಿದ್ರಂತ. ತೂಕ ಹೊಡಿಯಾಕ. ನಮ್ಮ ತಮ್ಮಗ ಬಜಾರದಾಗ ಮಂದಿ ಮಾರಿ ಮ್ಯಾಲ ಅಂದ್ರು, ನಿಮ್ಮ ಭಾವ ಸತ್ತ ಮ್ಯಾಲೂ ಕದಿಯಾಕತ್ಯಾನ ಅಂತ."

ಕಾಟಾ ಎಂದರೆ ಲಾರಿ, ಟ್ರ್ಯಾಕ್ಟರುಗಳನ್ನು ಸರಕು ಸಮೇತ ತೂಗುವ ದೊಡ್ಡ ತಕ್ಕಡಿ. ನೆಲಕ್ಕೆ ಸಮನಾಗಿ ಕಬ್ಬಿಣದ ಹಾಸು, ಅದರ ಅಡಿಯಲ್ಲಿ ತೂಕ ಹಿಡಿಯುವ ಸೆಲ್‌ಗಳು, ಬಾಜು ಒಂದು ಖೋಲಿಯಲ್ಲಿ ಕಂಪ್ಯೂಟರ್. ಅಲ್ಲಿಂದ ಬರುವ ಚೀಟಿಯ ಮೇಲೆ ಮಾರುವವರ ಹೊಟ್ಟೆ ನಡೆಯುತ್ತದೆ. ಕಾಟಾ ಹೊಡೆದ, ಅಂದರೆ ತೂಕದಲ್ಲಿ ಮೋಸ ಮಾಡಿದ ಎಂಬ ಮಾತಿಗಿಂತ ಕೆಟ್ಟ ಮಾತು ಆ ಸೀಮೆಯಲ್ಲಿ ಇಲ್ಲ.

"ಖರೇ ಹೇಳ್ರಿ. ಅವ್ರು ಹಂಗ ಮಾಡಿದ್ರೇನು?" ಎಂದು ಭಾಬಿ ಕೇಳಿದರು.

"ನೋಡಿ ಬಂದು ಹೇಳ್ತೀನ್ರಿ," ಎಂದೆ. ನೋಡದೆ ಹೇಳಬಾರದು ಎಂಬುದು ನಮ್ಮ ಕೆಲಸದ ರೂಢಿ. ಅವರಿಗೆ ಬೇಕಾಗಿದ್ದದ್ದು ಆ ಉತ್ತರವಲ್ಲ ಎಂಬುದು ಅವರು ಸೆರಗು ಸರಿಮಾಡಿಕೊಂಡು ಹೊರಟ ಮೇಲೆ ತಿಳಿಯಿತು.

ಮರುದಿನ ಬಸ್ಸಿನಲ್ಲಿ ಖಾನಾಪುರಕ್ಕೆ ಹೋದೆ. ಕಾಟಾದ ಮಾಲೀಕ ಪರಶುರಾಮ ಶೇಠ ಒರಟು ಮನುಷ್ಯನೇನಲ್ಲ. ಚಾ ತರಿಸಿ, ತಾವೇ ಎಲ್ಲ ಹೇಳಿದರು. ದಸ್ತಗೀರ ಹೋದ ಮೇಲೆ ಕಂಪ್ಯೂಟರ್ ನಿಧಾನ ಎನಿಸಿ ಹೊಸ ಟೆಕ್ನಿಶಿಯನ್ ಒಬ್ಬನನ್ನು ಕರೆಸಿದ್ದರು. ಆತ ಚುರುಕು ಮಾಡಿ ಕೊಟ್ಟ. ಹದಿನೈದು ದಿನದೊಳಗೆ ತಕರಾರು ಶುರುವಾಯಿತು. ನೀಲಗಿರಿ ಕಟ್ಟಿಗೆ ತುಂಬಿದ ಒಂದು ಟ್ರ್ಯಾಕ್ಟರು ಇಲ್ಲಿ ತೂಗಿ ಹೋಗಿ ದೇಸೂರದ ಕಾಟಾದಲ್ಲಿ ತೂಗಿದಾಗ ಎಂಬತ್ತು ಕಿಲೋ ಹೆಚ್ಚು ಬಂತು. ಮಂದಿ ಬಂದು ಖೋಲಿಯ ಮುಂದೆ ನಿಂತರು. ಟೆಕ್ನಿಶಿಯನ್ ಮತ್ತೆ ಬಂದು ಸ್ಟಾರ್ಟ್‌ಅಪ್ ಪಟ್ಟಿ ತೆರೆದು, ಕಂಪನಿಯ ಹೆಸರೇ ಇಲ್ಲದ ಒಂದು ಸಾಲು ತೋರಿಸಿ, "ಹಿಂದಿನಾಂವ ಇಟ್ಟ ಹೋಗ್ಯಾನ ನೋಡ್ರಿ, ಇದ ಕೆಡಿಸೇತಿ," ಎಂದನಂತೆ.

"ಅದನ್ನ ಬಂದ್ ಮಾಡ್ಯಾನಲ್ರಿ? ಮತ್ತ ತೂಕ ಸರಿ ಆತೇನು?" ಎಂದು ಕೇಳಿದೆ.

"ಆಗವಲ್ದು. ಅದಕ್ಕ ನಿಮಗ ಕುಂದರ್ರಿ ಅಂದೆ."

ಕಂಪ್ಯೂಟರ್ ಮುಂದೆ ಕುಳಿತೆ. ಪಟ್ಟಿಯಲ್ಲಿ ಕಾಟಾ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಫೈಲು. ಪಬ್ಲಿಷರ್ ಕಾಲಂ ಖಾಲಿ. ಕೈಯಿಂದ ಬರೆದ ಸಣ್ಣ ಫೈಲುಗಳಿಗೆ ಅಲ್ಲಿ ಹೆಸರು ಬರುವುದಿಲ್ಲ, ಯಾರು ಬರೆದರೂ ಬರುವುದಿಲ್ಲ. ಅದು ಡಿಸೇಬಲ್ ಆಗಿತ್ತು. ಅದರ ಕೆಳಗೆ ತೂಕದ ಸಾಫ್ಟ್‌ವೇರನ್ನು ಹೊಸದಾಗಿ ಸೇರಿಸಿ ಎನೇಬಲ್ ಮಾಡಿತ್ತು. ಟೆಕ್ನಿಶಿಯನ್ ಮೊದಲ ಸಲ ಬಂದು ಚುರುಕು ಮಾಡಿದ್ದು ಹೀಗೆ.

ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದೆ. ಒಳಗೆ ಐದೇ ಸಾಲು. ಮೊದಲೆರಡು ಸಾಲು ತೂಕದ ಅಂಕಿ ತೋರಿಸುವ ಡಬ್ಬಿಗೂ ಕಂಪ್ಯೂಟರಿಗೂ ಮಾತು ಹೊಂದಿಸುತ್ತಿದ್ದವು. ಮೂರನೆಯದು ನಾಲ್ಕು ನಿಮಿಷ ಸುಮ್ಮನೆ ಕಾಯುತ್ತಿತ್ತು. ನಾಲ್ಕನೆಯದು ತೂಕದ ಸಾಫ್ಟ್‌ವೇರನ್ನು ತೆರೆಯುತ್ತಿತ್ತು. ಐದನೆಯದು ತನ್ನನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ತೂಕವನ್ನು ಮುಟ್ಟುವ ಮಾತೇ ಅದರಲ್ಲಿ ಇರಲಿಲ್ಲ. ಆದರೆ ನಾಲ್ಕು ನಿಮಿಷ ಯಾಕೆ ಕಾಯಬೇಕು?

ತಿಳಿಯದಾದಾಗ ಅವನು ಮಾಡುತ್ತಿದ್ದದ್ದನ್ನೇ ಮಾಡಿದೆ. ಏನನ್ನೂ ಬದಲಿಸದೆ, ಮೇನ್ ಸ್ವಿಚ್ ಆರಿಸಿ, ಮತ್ತೆ ಹಾಕಿ, ಕೈಕಟ್ಟಿ ಕುಳಿತು ನೋಡಿದೆ. ಕೆಂಪು ಅಂಕಿಯ ಆ ಡಬ್ಬಿ ಮೇಜಿನ ಮೇಲಿತ್ತು. ಹಾಸಿನ ಅಡಿಯ ಸೆಲ್‌ಗಳಿಂದ ತೂಕ ಮೊದಲು ಅದಕ್ಕೆ ಬಂದು, ಅಲ್ಲಿಂದ ಕಂಪ್ಯೂಟರಿಗೆ ಹೋಗುತ್ತದೆ. ಕಾಟಾದ ಮೇಲೆ ಒಂದು ನಾಯಿ ಕೂಡ ಇರಲಿಲ್ಲ. ಆದರೂ ಡಬ್ಬಿ ನೂರಾ ಇಪ್ಪತ್ತು ತೋರಿಸಿತು. ಆಮೇಲೆ ನೂರು, ತೊಂಬತ್ತು, ಎಂಬತ್ತು ಎಂದು ಮೆಲ್ಲಗೆ ಇಳಿಯತೊಡಗಿತು. ಮಳೆಯ ತೇವ ಹಿಡಿದ ಹಳೆಯ ಸೆಲ್‌ಗಳು ಬೆಚ್ಚಗಾಗಿ ಸೊನ್ನೆಗೆ ನಿಲ್ಲಲು ಮೂರು ನಿಮಿಷದ ಮೇಲೆ ಬೇಕಾಯಿತು. ಸಾಫ್ಟ್‌ವೇರ್ ಅಷ್ಟರ ಮೊದಲೇ, ಡಬ್ಬಿಯಲ್ಲಿ ಎಂಬತ್ತು ಇದ್ದಾಗಲೇ ತೆರೆದುಬಿಟ್ಟಿತ್ತು. ಅದು ಹಳೆಯ ಕಾಲದ ಸಾಫ್ಟ್‌ವೇರ್. ತೆರೆದ ಕ್ಷಣಕ್ಕೆ ಬಂದ ಅಂಕಿಯನ್ನೇ ಸೊನ್ನೆ ಎಂದು ಹಿಡಿಯುತ್ತದೆ. ಆ ದಿನವಿಡೀ ಪ್ರತಿ ಗಾಡಿಗೂ ಎಂಬತ್ತು ಕಿಲೋ ಕಡಿಮೆ.

ಖಾಲಿ ಗಾಡಿ, ತುಂಬಿದ ಗಾಡಿ ಎರಡನ್ನೂ ಅದೇ ದಿನ ತೂಗಿದ್ದರೆ ಈ ತಪ್ಪು ಎರಡು ಕಡೆಯೂ ಬಿದ್ದು ವಜಾ ಆಗಿಹೋಗುತ್ತಿತ್ತು. ಆದರೆ ಅಲ್ಲಿ ನಿತ್ಯ ಬರುವ ಟ್ರ್ಯಾಕ್ಟರುಗಳ ಖಾಲಿ ತೂಕವನ್ನು ಒಮ್ಮೆ ಹಾಕಿ ಕಂಪ್ಯೂಟರಿನಲ್ಲಿ ಇಟ್ಟುಬಿಡುತ್ತಾರೆ. ಆಮೇಲೆ ತೂಗುವುದು ತುಂಬಿದ ಗಾಡಿಯನ್ನು ಮಾತ್ರ. ಮೊದಲೇ ಹಾಕಿಟ್ಟ ಖಾಲಿ ತೂಕ ಸರಿಯಾಗಿತ್ತು, ಹಾಗಾಗಿ ಪೆಟ್ಟು ಬಿದ್ದದ್ದೆಲ್ಲ ಕಟ್ಟಿಗೆ ತಂದವರಿಗೆ.

ಶೇಠರನ್ನೂ ಇಬ್ಬರು ಹಮಾಲರನ್ನೂ ಕಾಟಾದ ಮೇಲೆ ನಿಲ್ಲಲು ಹೇಳಿದೆ. ಡಬ್ಬಿ ಇನ್ನೂರಾ ಹತ್ತು ತೋರಿಸಿತು. ಕಂಪ್ಯೂಟರ್ ನೂರಾ ಮೂವತ್ತು. ಕಿಟಕಿಯಿಂದ ಕೂಗಿ ಹೇಳಿದೆ. ಹಮಾಲರಿಗೆ ಮಜಾ ಅನಿಸಿತು.

"ಶೇಠಜೀ, ನೀವು ನಿಂತದ್ದು ಕಂಪ್ಯೂಟರಿಗೆ ಗೊತ್ತ ಆಗಿಲ್ಲ ನೋಡ್ರಿ!"

"ನಾಷ್ಟಾ ಮಾಡಿ ಬಂದೀರೋ ಇಲ್ಲೋ?"

ಅಷ್ಟರಲ್ಲಿ ನಾಲ್ಕಾರು ಟ್ರ್ಯಾಕ್ಟರಿನವರು ಸೇರಿದ್ದರು. ಹೊಸದಾಗಿ ಸೇರಿಸಿದ್ದ ಸಾಲನ್ನು ಡಿಸೇಬಲ್ ಮಾಡಿ, ದಸ್ತಗೀರನ ಫೈಲನ್ನು ಎನೇಬಲ್ ಮಾಡಿದೆ. ಸ್ವಿಚ್ ಆರಿಸಿ ಹಾಕಿದೆ. ಡಬ್ಬಿ ಇಳಿದು ಇಳಿದು ಸೊನ್ನೆಗೆ ನಿಂತಿತು. ಆಮೇಲೆ ಸಾಫ್ಟ್‌ವೇರ್ ತೆರೆಯಿತು. ಅದೇ ಮೂವರು ಮತ್ತೆ ನಿಂತರು. ಡಬ್ಬಿಯಲ್ಲಿ ಇನ್ನೂರಾ ಹತ್ತು, ಕಂಪ್ಯೂಟರಿನಲ್ಲೂ ಇನ್ನೂರಾ ಹತ್ತು.

ಶೇಠರು ಕಾಟಾದ ಮೇಲಿಂದಲೇ ನೆರೆದವರಿಗೆ ಕೈ ಎತ್ತಿ ಹೇಳಿದರು: "ಝಾಲಾ, ಆತು! ದಸ್ತಗೀರಂದು ಏನ ಇತ್ತಲ್ಲ, ಅದನ್ನ ಬೆಳಗಾಂವದವರು ಕಿತ್ತ ಒಗದ್ರು. ಈಗ ಕಾಟಾ ಏಕದಮ್ ಶುದ್ಧ!"

ನಾನು ಹೊರಗೆ ಬಂದೆ. "ಕಿತ್ತಿಲ್ರೀ. ಅವನದನ್ನ ತಿರುಗಿ ಹಚ್ಚೀನಿ. ಅವನದು ಇರಲಾರದ್ದಕ್ಕ ತೂಕ ಕೆಟ್ಟಿತ್ತು," ಎಂದೆ. ನನ್ನ ದನಿ ದೊಡ್ಡದಲ್ಲ. ಒಬ್ಬ ಡ್ರೈವರ್, "ಏನರ ಇರಲ್ರಿ ಸಾಹೇಬ್ರ, ತೂಕ ಬಂತಲ್ಲ," ಎಂದು ಟ್ರ್ಯಾಕ್ಟರ್ ಚಾಲೂ ಮಾಡಿದ. ಉಳಿದವರೂ ಸರದಿಗೆ ಹೋದರು. ಅವರು ಕಣ್ಣಾರೆ ಕಂಡದ್ದು ಇಷ್ಟೇ. ನಾನು ಬರುವ ಮೊದಲು ತೂಕ ತಪ್ಪಿತ್ತು, ನಾನು ಕುಳಿತು ಏನೋ ಮಾಡಿದ ಮೇಲೆ ಸರಿಯಾಯಿತು. ದಸ್ತಗೀರ ಕಳ್ಳ ಎಂಬುದಕ್ಕೆ ಅಲ್ಲಿಯ ತನಕ ಬರೀ ಮಾತಿತ್ತು. ನನ್ನ ರಿಪೇರಿ ಅದಕ್ಕೊಂದು ಸಾಕ್ಷಿ ಒದಗಿಸಿತು.

ಶೇಠರನ್ನು ಒಳಗೆ ಕರೆದು ಐದು ಸಾಲನ್ನೂ ಬೆರಳಿಟ್ಟು ತೋರಿಸಿದೆ. ಅವರು ಮೂರನೆಯ ಸಾಲಿನ ಮೇಲೆ ತಾವೂ ಬೆರಳಿಟ್ಟರು.

"ಅಂವ ಹೇಳ್ತಿದ್ದ," ಎಂದರು. "ಶೇಠಜೀ, ಸ್ವಿಚ್ ಹಾಕಿದ ಮ್ಯಾಲ ನಾಕ ನಿಮಿಷ ಚಾ ಕುಡೀರಿ, ಆಮ್ಯಾಲ ಗಾಡಿ ಏರಸ್ರಿ ಅಂತ. ನಾ ಚ್ಯಾಷ್ಟಿ ಅಂದ್ಕೊಂಡಿದ್ದೆ."

"ಹಂಗಾರ ಹೊರಗ ಬಂದು ಒಂದ ಮಾತು ಹೇಳ್ರಿ. ಅವನದು ತಪ್ಪಿರಲಿಲ್ಲ ಅಂತ."

ಶೇಠರು ಬಾಗಿಲು ಅರ್ಧ ಮುಚ್ಚಿದರು. "ನಮ್ಮ ಕೈಲೇ ತಪ್ಪಾತು ಅಂದ್ರ ನಾಳೆ ಒಬ್ಬ ಗಿರಾಕಿ ಬರೂದಿಲ್ಲ. ದೇಸೂರಕ್ಕ ಹೋಗ್ತಾರ. ನಾನು ಬದುಕಿರಾಂವ, ಕಾಟಾ ನಡಸಬೇಕು. ಅಂವ ಹೋಗ್ಯಾನ. ಅವಗ ಇದರಿಂದ ಏನ್ ಆಗೂದೈತಿ? ಜಾಊ ದ್ಯಾ, ಬಿಟ್ಟಬಿಡ್ರಿ."

"ಅವನ ಹೆಂಡ್ತಿ ಅದಾರ್ರಿ. ಅವರ ತಮ್ಮ ಇದ ಬಜಾರದಾಗ ಕುಂದರತಾನ."

"ಆ ಹೆಣ್ಣಮಗಳಿಗೆ ನಾ ಖುದ್ದ ಬಂದು ಹೇಳ್ತೀನಿ. ಖರೇ," ಎಂದರು.

ಮೌಸ್ ಇನ್ನೂ ನನ್ನ ಕೈಯಲ್ಲಿತ್ತು. ಅವನ ಫೈಲನ್ನು ಮತ್ತೆ ಡಿಸೇಬಲ್ ಮಾಡಿ ಎದ್ದು ಬರಬಹುದಿತ್ತು, ಒಂದು ಕ್ಲಿಕ್ಕಿನ ಕೆಲಸ. ಮಾಡಬೇಕೆನಿಸಿತು ಕೂಡ. ಕಿಟಕಿಯ ಹೊರಗೆ ಕಟ್ಟಿಗೆ ತುಂಬಿದ ಟ್ರ್ಯಾಕ್ಟರ್ ಕಾಟಾದ ಮೇಲೆ ಏರಿ ನಿಂತಿತ್ತು, ಡ್ರೈವರ್ ಚೀಟಿಗಾಗಿ ಕೈ ಚಾಚಿದ್ದ. ಹಾಗೇ ಬಿಟ್ಟು ಬಂದೆ.

ಸಂಜೆ ಭಾಬಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ನಾಲ್ಕು ನಿಮಿಷದ ಮಾತು ಬಂದಾಗ ಅವರ ಮುಖ ಸ್ವಲ್ಪ ಸಡಿಲಾಯಿತು. "ಮನ್ಯಾಗೂ ಹಂಗ. ಕುಕ್ಕರ್ ಆರೂ ತನಕ ಮುಟ್ಟಾಕ ಬಿಡ್ತಿರಲಿಲ್ಲ," ಎಂದರು. ಆಮೇಲೆ, "ನೀವು ಹೇಳಿದ್ರಿ, ನನಗ ಸಮಾಧಾನ ಆತು. ಆದ್ರ ಮಲ್ಲು ಭಾಯಿ, ಖಾನಾಪುರದಾಗ ನಡಿಯೂದು ಶೇಠರ ಮಾತು, ನಿಮ್ಮದಲ್ಲ," ಎಂದರು. ಆ ವರ್ಷ ರಂಜಾನಿಗೆ ಅವರು ತವರಿಗೆ ಹೋಗಲಿಲ್ಲ. ಮರುವರ್ಷವೂ ಹೋಗಲಿಲ್ಲ.

ಶೇಠರಿಗೆ ಎರಡು ಸಲ ಫೋನ್ ಮಾಡಿದೆ. ಒಮ್ಮೆ ಮಳೆ ಎಂದರು. ಇನ್ನೊಮ್ಮೆ ಮಗಳ ಮದುವೆಯ ಗಡಿಬಿಡಿ ಎಂದರು. ಮೂರನೆಯ ಸಲ ಮಾಡಲಿಲ್ಲ.

ಈ ಕೆಲಸದಿಂದ ನಾನು ಕಲಿತದ್ದು ಒಂದೇ. ಹೆಸರಿಲ್ಲದ ಸಾಲು ಕಂಡರೆ ಮೊದಲು ಅದನ್ನು ಯಾಕೆ ಹಾಕಿದ್ದಾರೆ ಎಂದು ಕೇಳಬೇಕು. ಕೇಳಲು ಯಾರೂ ಉಳಿದಿಲ್ಲದಿದ್ದರೆ ಯಂತ್ರವನ್ನು ಆರಿಸಿ ಹಾಕಿ, ಕುಳಿತು ನೋಡಬೇಕು. ನಿಧಾನವಾಗುವುದೆಲ್ಲ ಕೆಟ್ಟದ್ದಲ್ಲ. ಈಗ ನಾನೂ ಒಂದೊಂದನ್ನೇ ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡುತ್ತೇನೆ. ದಿನಕ್ಕೆ ಮೂರು ಕಂಪ್ಯೂಟರ್ ಮುಗಿಯುವುದಿಲ್ಲ. ಅದಕ್ಕೆ ಗಿರಾಕಿಗಳು ಬೈಯುತ್ತಾರೆ.

ಹೋದ ತಿಂಗಳು ಖಾನಾಪುರದ ಮೇಲೆ ಹಾದುಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಟಾ ನೋಡಿದೆ. ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ತೂಕದ ತಕರಾರು ಮತ್ತೆ ಬಂದಿಲ್ಲ ಎಂದು ಕೇಳಿದ್ದೇನೆ. ಅಂದರೆ ದಸ್ತಗೀರನ ಫೈಲು ದಿನಾ ಮುಂಜಾನೆ ಎದ್ದು, ನಾಲ್ಕು ನಿಮಿಷ ಕಾದು, ತನ್ನ ಕೆಲಸ ಮಾಡಿ ಮುಚ್ಚಿಕೊಳ್ಳುತ್ತಿದೆ. ಅವನನ್ನು ಕಳ್ಳ ಎಂದ ಮಂದಿ ಅದರಿಂದಲೇ ಸರಿಯಾದ ಚೀಟಿ ಪಡೆದು ಹೋಗುತ್ತಿದ್ದಾರೆ.

ಪರಶುರಾಮ ಶೇಠ ಭಾಬಿಯ ಮನೆಗೆ ಇನ್ನೂ ಬಂದಿಲ್ಲ.